ಬಾವಿಗೆ ಹೋಗದ ಮೂಳೆಗಳು

ಹದಿನಾಲ್ಕನೇ ಕಂತು

"ತಳ ಸಿಕ್ತು ಮೇಡಂ." ಬಾವಿಯೊಳಗಿಂದ ಹವಾಲ್ದಾರ್ ದೂನ ದನಿ ಗುಂಯ್‌ಗುಟ್ಟುತ್ತ ಮೇಲೆ ಬಂತು. "ಒಂದು ರಬ್ಬರ್ ಬೂಟು, ಎರಡು ಒಡಕು ಕೊಡ, ಒಂದು ಸತ್ತ ಇಲಿ. ಮೂಳೆ ಅಂತ ಇದ್ರೆ ಇಲೀದೇ."

ಕಟ್ಟೆಯ ಸುತ್ತ ನಿಂತಿದ್ದ ಶುವಾಂಗ್‌ಚಿಂಗ್ ಊರಿನವರು ಗೊಳ್ಳೆಂದು ನಕ್ಕರು.

ಇನ್‌ಸ್ಪೆಕ್ಟರ್ ಫಾನ್ ಯಾಚಿನ್ ನಗಲಿಲ್ಲ. ಊರಿನ ಉತ್ತರ ತುದಿಯ ಈ ಬಾವಿಯನ್ನು ಅವಳು ತೋಡಿಸುತ್ತಿದ್ದದ್ದು ಇದು ಮೂರನೇ ದಿನ. ಮೇಲಿನವರು ಕೊಟ್ಟಿದ್ದೂ ಮೂರೇ ದಿನ. ಸಂಜೆ ಐದಕ್ಕೆ ಕಡತ ಮುಚ್ಚಬೇಕು. ನಾಳೆ ಬೆಳಿಗ್ಗೆ ಇಟ್ಟಿಗೆ ಗೂಡಿನವರ ಯಂತ್ರ ಬಂದು ಅಗೆದು ತೆಗೆದ ಪ್ರಾಚೀನ ಮೂಳೆಗಳನ್ನು ಇಡುತ್ತಿದ್ದ ಹಳೇ ಮೂಳೆಮನೆಯನ್ನೂ ಅದರ ಹಿಂದಿನ ಜಾಗವನ್ನೂ ಬಗೆದು ಮಣ್ಣು ಹೊತ್ತುಕೊಂಡು ಹೋಗುತ್ತದೆ.

ನಲವತ್ತೇಳು ವರ್ಷದ ಹಿಂದೆ, ಜಪಾನಿ ಸೈನಿಕರು ಹತ್ತಿರದ ಆನ್ಯಾಂಗ್ ಪಟ್ಟಣ ಹೊಗುವ ಒಂದು ವಾರ ಮುಂಚೆ, ಮೂಳೆಮನೆಯ ಕಾವಲುಗಾರ ಲಿನ್ ಚಿಂಗ್‌ಜಾಯ್ ಮೂವತ್ತೊಂದು ಅಕ್ಷರದ ಮೂಳೆಗಳನ್ನು ಎಲ್ಲೋ ಬಚ್ಚಿಟ್ಟು, ತಿಂಗಳೊಳಗೆ ಅವರ ಸೆರೆಯಲ್ಲಿ ಸತ್ತಿದ್ದರು. ಮೂರು ಸಾವಿರ ವರ್ಷದ ಹಿಂದಿನ ಅರಸರು ದೇವರನ್ನು ಕೇಳಿದ ಪ್ರಶ್ನೆಗಳು ಆ ಎತ್ತಿನ ಹೆಗಲಮೂಳೆಗಳ ಮೇಲೆ, ಆಮೆಚಿಪ್ಪುಗಳ ಮೇಲೆ ಕೊರೆದಿದ್ದವು. ಲಿನ್ ಬಿಟ್ಟುಹೋದದ್ದು ಕೋಟಿನ ಒಳಪದರದಲ್ಲಿ ಹೊಲಿದಿಟ್ಟ ಒಂದು ಚೀಟಿ. ಅದರಲ್ಲಿ ಐದೇ ಅಕ್ಷರ.

"ಮೂಳೆ ಕಳ್ಳನ ಬಾವಿ ಇದು ಮೇಡಂ," ಕೋಲೂರಿ ನಿಂತಿದ್ದ ಗುವೊ ತಾತ ಹೇಳಿದ. ಎಂಬತ್ತರ ಮುದುಕ. "ಐವತ್ತೊಂದನೇ ಇಸವೀಲೂ ತೋಡಿದ್ರು. ಆಗ ನಾನೇ ಇಳಿದಿದ್ದೆ. ನಂಗೆ ಇಲೀನೂ ಸಿಗಲಿಲ್ಲ."

ಮತ್ತೆ ನಗು. ಗುಂಪಿನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ತಿರುಗಿ ಮನೆಯ ಕಡೆ ನಡೆದಳು. ಅವಳು ಲಿನ್ ಮೈಸುಯ್. ಕಾವಲುಗಾರನ ಮಗಳು. ಹನ್ನೊಂದು ಸಲ ಅರ್ಜಿ ಬರೆದು ಈ ಕಡತವನ್ನು ಧೂಳಿನಿಂದ ಎಬ್ಬಿಸಿದವಳು.

ಫಾನ್ ಅವಳ ಹಿಂದೆಯೇ ಹೋದಳು.

*

ಮೈಸುಯ್ ಇದ್ದದ್ದು ಮೂಳೆಮನೆಯ ಹಿತ್ತಿಲಲ್ಲೇ, ಕಾವಲುಗಾರನಿಗೆಂದು ಕಟ್ಟಿದ್ದ ಎರಡು ಕೋಣೆಗಳಲ್ಲಿ. ಅಂಗಳದ ನಡುವೆ ಒಂದು ಬಾವಿ. ಅದರ ಪಕ್ಕದ ಒಲೆಯ ಮೇಲೆ ಕಾಳುಮೆಣಸಿನ ಗಟ್ಟಿ ಸಾರು ಕುದಿಯುತ್ತಿತ್ತು.

"ಕೂತ್ಕೋ ತಂಗಿ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಕಡತ ಮುಚ್ಚು. ಹಸಿದ ಹೊಟ್ಟೇಲಿ ಯಾಕೆ ಮುಚ್ತೀಯ?" ಅವಳು ಬಟ್ಟಲು ಮುಂದಿಟ್ಟಳು.

ದನಿಯಲ್ಲಿ ಕೋಪವಿರಲಿಲ್ಲ. ಐವತ್ಮೂರು ವರ್ಷದ ಆ ಮುಖ ಬೈಗುಳಕ್ಕೆ ಒಗ್ಗಿಹೋಗಿತ್ತು. ಮೂಳೆ ಕಾಣೆಯಾದಾಗಲೇ ಊರು ಅಪ್ಪನನ್ನು ಅನುಮಾನಿಸಿತ್ತು, ಶಾಲೆಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಗಂಡಿನ ಕಡೆಯವರು ನೋಡಲು ಬಂದವರು ಊರಬಾಗಿಲಲ್ಲೇ ವಿಷಯ ತಿಳಿದು ಹಿಂದಿರುಗಿದ್ದರು, ಎರಡು ಸಲ. ಅಪ್ಪನ ಗೋರಿಗೆ ಹೆಸರಿನ ಕಲ್ಲು ನಿಲ್ಲಿಸಲು ಊರು ಇವತ್ತಿಗೂ ಬಿಟ್ಟಿರಲಿಲ್ಲ.

ಫಾನ್ ಎರಡು ಕಾಗದಗಳನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಒಂದು, ಐವತ್ತೊಂದರ ವಿಚಾರಣಾ ಸಮಿತಿಯ ಅಚ್ಚಾದ ವರದಿ. ಇನ್ನೊಂದು, ನಿನ್ನೆ ದಫ್ತರಖಾನೆಯಲ್ಲಿ ಅವಳೇ ತೆಗೆಸಿದ ಮೂಲ ಚೀಟಿಯ ಫೋಟೊ.

ವರದಿಯಲ್ಲಿ ಐದು ಅಕ್ಷರಗಳ ನಡುವೆ ಎರಡು ಅಲ್ಪವಿರಾಮಗಳಿದ್ದವು. 'ಮೂಳೆ, ಉತ್ತರಕ್ಕೆ ಬಾವಿಗೆ ಹೋದವು, ಮೂವತ್ತು.' ಕೆಳಗೆ ಸಮಿತಿಯ ತೀರ್ಪು: ಉತ್ತರದ ಬಾವಿಯಲ್ಲಿ ಏನೂ ಇಲ್ಲ. ಕಾಣೆಯಾದವು ಮೂವತ್ತೊಂದು, ಚೀಟಿಯಲ್ಲಿರುವುದು ಮೂವತ್ತು. ಒಂದನ್ನು ಮೊದಲೇ ಮಾರಿದ್ದಾನೆ, ಉಳಿದದ್ದನ್ನು ಆಮೇಲೆ ಮಾರಿದ್ದಾನೆ. ಓದಿ ಅರ್ಥ ಹೇಳಿದವರು, ಹುವೊ ಬೋಯೆನ್.

ಚೀಟಿಯಲ್ಲಿ ಅಲ್ಪವಿರಾಮವೇ ಇರಲಿಲ್ಲ.

"ಅಕ್ಕ, ನಿಮ್ಮಪ್ಪ ಲೆಕ್ಕದಲ್ಲಿ ಹೇಗೆ?"

"ಹೇಗೆ ಅಂದ್ರೆ? ಸಂಜೆ ಗೂಡಿಗೆ ಬಂದ ಪಾರಿವಾಳ ಎಣಿಸಿ ಬರೆದಿಡ್ತಿದ್ರು. ಒಂದು ಕಮ್ಮಿ ಆದ್ರೆ ಲಾಟೀನು ಹಿಡ್ಕೊಂಡು ಹೊರಡೋರು."

"ಅಂಥೋರು ಮೂವತ್ತೊಂದನ್ನ ಮೂವತ್ತು ಅಂತ ಬರೀತಾರಾ?"

ಮೈಸುಯ್ ಸೌಟು ಹಿಡಿದ ಕೈ ಅಲ್ಲೇ ನಿಲ್ಲಿಸಿದಳು. "ನಾನೂ ಅದನ್ನೇ ಹನ್ನೊಂದು ಅರ್ಜೀಲಿ ಕೇಳಿದೀನಿ. ಯಾರು ಉತ್ತರ ಕೊಟ್ರು?"

ಫಾನ್ ಫೋಟೊವನ್ನು ಬೆಳಕಿಗೆ ಹಿಡಿದಳು. ಮೂಳೆ, ಉತ್ತರ, ಬಾವಿ, ಮೂವತ್ತು. ಈ ನಾಲ್ಕನ್ನೂ ಲಿನ್ ಎಲ್ಲರಂತೆಯೇ ಬರೆದಿದ್ದರು. ನಡುವಿನ ಒಂದು ಅಕ್ಷರವನ್ನು ಮಾತ್ರ ಮೂಳೆಗಳ ಮೇಲಿರುವ ಹಳೇ ರೂಪದಲ್ಲಿ ಬಿಡಿಸಿದ್ದರು. ಮೇಲೆ ಕೈಕಾಲು ಅಗಲಿಸಿ ನಿಂತ ಮನುಷ್ಯ. ಅವನ ಕೆಳಗೆ ತೆರೆದ ಬಾಯಿಯಂಥ ಒಂದು ಗುಂಡಿ.

'ಚ್ಯು.' ಹೋಗು.

ಇವತ್ತಿನ ಬರಹದಲ್ಲಿ ಆ ಮನುಷ್ಯ ಸವೆದು ಸವೆದು ಮಣ್ಣು ಅನ್ನುವ ಅಕ್ಷರದಂತೆ ಕಾಣುತ್ತಾನೆ. ಗುಂಡಿ ಒಂದು ಕೊಂಕು ಗೆರೆಯಾಗಿ ಉಳಿದಿದೆ. ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತು. ಪೇಟೆಗೆ ಚ್ಯು, ಶಾಲೆಗೆ ಚ್ಯು, ಹಾಳಾಗಿ ಚ್ಯು.

"ಇದೊಂದನ್ನ ಮಾತ್ರ ಯಾಕೆ ಹೀಗೆ ಬರೆದ್ರು?"

ಮೈಸುಯ್ ಬಗ್ಗಿ ನೋಡಿದಳು. ಆಕೆಗೆ ಮೂಲ ಚೀಟಿಯನ್ನು ಯಾರೂ ಈವರೆಗೆ ತೋರಿಸಿರಲಿಲ್ಲ. ಆ ಪುಟ್ಟ ಮನುಷ್ಯನ ಮೇಲೆ ಬೆರಳಿಟ್ಟಳು.

"ಇವನು ನಂಗೆ ಗೊತ್ತು," ಅಂದಳು ಮೆಲ್ಲಗೆ. "ಅಪ್ಪ ಒಲೆ ಬೂದಿ ಹರಡಿ, ಅದರ ಮೇಲೆ ಕಡ್ಡೀಲಿ ಬರೆದು ತೋರ್ಸಿದ್ರು. ಆಗ ನಂಗೆ ಆರು ವರ್ಷ. 'ಈ ಮನುಷ್ಯ ಏನ್ ಮಾಡ್ತಿದಾನೆ ಹೇಳು' ಅಂದ್ರು. 'ಗುಂಡಿಗೆ ಬೀಳ್ತಿದಾನೆ' ಅಂದೆ. ನಕ್ಬಿಟ್ರು. 'ಅಲ್ಲ ಕಣೇ ಪೆದ್ದಿ. ಆಗೆಲ್ಲ ಜನ ಗುಂಡೀಲಿ ಮನೆ ಮಾಡ್ಕೊಂಡಿದ್ರು. ಇವನು ಮನೆ ಬಿಟ್ಟು ಹೊರಟಿದಾನೆ' ಅಂದ್ರು."

"ಬಿಟ್ಟು ಹೊರಟಿದಾನೆ," ಫಾನ್ ಮತ್ತೆ ಹೇಳಿಕೊಂಡಳು.

"ಅದಾಗಿ ಎರಡು ತಿಂಗಳಿಗೆ ಅವರೇ ಲೋಕ ಬಿಟ್ರು. ನಲವತ್ತೇಳು ವರ್ಷ ಆಯ್ತು."

ಫಾನಳ ಕೈಯಲ್ಲಿದ್ದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು.

"ಏನಂದ್ರಿ ಅಕ್ಕ? ಇನ್ನೊಂದ್ಸಲ ಹೇಳಿ."

"ಲೋಕ ಬಿಟ್ರು ಅಂದೆ. ಚ್ಯು-ಶಿ. ಸತ್ರು ಅಂತ ಅಪ್ಪನಿಗೆ ಹೇಗೆ ಹೇಳ್ಲಿ?"

ಚ್ಯು-ಶಿ. ಊರಲ್ಲಿ ಯಾರೇ ತೀರಿಕೊಳ್ಳಲಿ, ಮರ್ಯಾದೆಯಿಂದ ಹೇಳುವ ಮಾತು ಅದೇ. 'ಶಿ' ಅಂದರೆ ಲೋಕ. 'ಚ್ಯು' ಅಂದರೆ ಹೋಗು. ಹಾಗಾದರೆ ಸತ್ತವರು ಲೋಕಕ್ಕೆ ಹೋಗುತ್ತಾರೆಯೇ? ಇಲ್ಲ. ಲೋಕವನ್ನು ಬಿಟ್ಟು ಹೋಗುತ್ತಾರೆ. ಕಳೆದ ವರ್ಷಕ್ಕೂ ಅದೇ ಮಾತು, ಚ್ಯು-ನಿಯೆನ್. ಯಾರೂ ಕಳೆದ ವರ್ಷಕ್ಕೆ ಹೋಗುವುದಿಲ್ಲ. ಅದು ನಮ್ಮನ್ನು ಬಿಟ್ಟುಹೋದ ವರ್ಷ.

ಹುಟ್ಟಿದಾಗ ಆ ಅಕ್ಷರಕ್ಕೆ ಇದ್ದದ್ದು ಆ ಒಂದೇ ಅರ್ಥ. ಬಿಡು, ತೊರೆ. ಆಮೇಲೆ, ಬಿಟ್ಟು ಬಂದಷ್ಟು ದೂರ. ಇಂಥ ಊರನ್ನು ನೂರು ಹರದಾರಿ ಚ್ಯು ಅಂದರೆ ಆ ಊರಿನಿಂದ ನೂರು ಹರದಾರಿ ದೂರ. ಬಿಟ್ಟು ಹೊರಟವನು ಎಲ್ಲಿಗಾದರೂ ಹೋಗಲೇಬೇಕಲ್ಲ. ಜನ ನಿಧಾನವಾಗಿ ಬಿಟ್ಟ ಜಾಗವನ್ನು ಮರೆತು ಸೇರುವ ಜಾಗವನ್ನೇ ನೋಡತೊಡಗಿದರು. ಮಾತು ತಿರುಗಿ ನಿಂತಿತು.

ಲಿನ್ ಚಿಂಗ್‌ಜಾಯ್ ಹಗಲೂ ರಾತ್ರಿ ಮೂಳೆಗಳ ಜೊತೆ ಬದುಕಿದ ಮನುಷ್ಯ. ಅದಕ್ಕೇ ಅದೊಂದು ಅಕ್ಷರವನ್ನು ಹಳೇ ರೂಪದಲ್ಲಿ ಬರೆದಿದ್ದರು. ಇದನ್ನು ಹಳೇ ಅರ್ಥದಲ್ಲಿ ಓದಿ ಅಂತ.

"ಅಕ್ಕ, ಇದು ಬಾವಿಗೆ ಹೋಯ್ತು ಅಂತ ಅಲ್ಲ," ಫಾನ್ ಎದ್ದು ನಿಂತಳು. "ಬಾವಿ ಬಿಟ್ಟು ಉತ್ತರಕ್ಕೆ ಮೂವತ್ತು. ಮೂವತ್ತು ಮೂಳೆ ಅಲ್ಲ, ದೂರ. ಕಾಲಲ್ಲೇ ಅಳೆದಿರ್ತಾರೆ. ಮೂವತ್ತು ಹೆಜ್ಜೆ."

ಮೈಸುಯ್ ಸೌಟನ್ನು ಕೆಳಗಿಟ್ಟಳು. ಇಬ್ಬರ ಕಣ್ಣೂ ಒಟ್ಟಿಗೆ ಅಂಗಳದ ನಡುವಿನ ಬಾವಿಯ ಕಡೆ ತಿರುಗಿದವು.

"ಊರ ಉತ್ತರದ ಬಾವೀನ ಆಗ ಏನಂತಿದ್ರಿ?"

"ಅದಾ? ಕಹಿ ಬಾವಿ. ಅದರ ನೀರು ಎಮ್ಮೇನೂ ಕುಡೀತಿರಲಿಲ್ಲ. ನಮ್ಮನೇಲಿ ಬರೀ ಬಾವಿ ಅಂದ್ರೆ..." ಅವಳು ಅಂಗಳದ ಕಟ್ಟೆಯ ಕಡೆ ಕೈ ತೋರಿದಳು. "ಬರೀ ಬಾವಿ ಅಂದ್ರೆ ಇದೇ."

*

ಹುವೊ ಬೋಯೆನ್ ಅವರ ಕಾರು ಬಂದಾಗ ಮೂರೂವರೆಯಾಗಿತ್ತು. ಕಡತಕ್ಕೆ ಕೊನೆಯ ಸಹಿ ಹಾಕಲು ಜಿಲ್ಲೆಯವರು ಅವರನ್ನೇ ಕರೆಸಿದ್ದರು. ಎಪ್ಪತ್ತೊಂದು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಹಳೇ ಬರಹ ಓದುವುದರಲ್ಲಿ ಇಡೀ ಪ್ರಾಂತ್ಯಕ್ಕೆ ಅವರೇ ದೊಡ್ಡವರು.

ಅವರು ಕಂಡದ್ದು ಅಂಗಳದ ಬಾವಿಯಿಂದ ಉತ್ತರಕ್ಕೆ ಮೂವತ್ತು ಹೆಜ್ಜೆಯಲ್ಲಿ ಗುವೊ ತಾತನ ಹಂದಿಗೂಡನ್ನು. ಅದರ ನಡುವೆ ಎದೆಮಟ್ಟದ ಗುಂಡಿಯಲ್ಲಿ ಹವಾಲ್ದಾರ್ ದೂ ನಿಂತಿದ್ದ. ಬೇಲಿಯ ಸುತ್ತ ಊರಿಗೆ ಊರೇ ನೆರೆದಿತ್ತು.

"ಬಾವಿ ಆಯ್ತು, ಈಗ ಹಂದಿಗೂಡಾ?" ಹುವೊ ಮೆಲ್ಲಗೆ ನಕ್ಕರು. ಯಾರೋ ಅವರಿಗೆ ಬಿದಿರಿನ ಕುರ್ಚಿ ತಂದು ಹಾಕಿದರು. ಇನ್ಯಾರೋ ಮಲ್ಲಿಗೆ ಚಹಾ ತಂದಿಟ್ಟರು. "ಇನ್‌ಸ್ಪೆಕ್ಟರ್ ಅಮ್ಮಾವ್ರೇ, ಹಂದಿ ಏನು ಹೇಳಿಕೆ ಕೊಡ್ತು?"

"ಹಂದಿಗೆ ಹಳೇ ಬರಹ ಬರಲ್ಲ ಮೇಷ್ಟ್ರೇ. ಅದಕ್ಕೇ ನಿಮ್ಮನ್ನ ಕಾಯ್ತಿದ್ದೆ."

ಜನ ನಕ್ಕರು. ಈ ಸಲ ಆ ನಗು ಅವಳ ಕಡೆಗಿತ್ತು.

ಫಾನ್ ಚೀಟಿಯ ಫೋಟೊವನ್ನು ಅವರ ಕೈಗೆ ಕೊಟ್ಟಳು. "ಓದಿ ಹೇಳಿ."

"ಮೂವತ್ಮೂರು ವರ್ಷದ ಹಿಂದೆ ಓದಿ ಆಗಿದೆ."

"ಇನ್ನೊಂದ್ಸಲ. ಊರೋರ ಮುಂದೆ."

"ಮೂಳೆ, ಉತ್ತರಕ್ಕೆ ಬಾವಿಗೆ ಹೋದವು, ಮೂವತ್ತು."

"ಅಲ್ಪವಿರಾಮ ಎಲ್ಲಿಂದ ಬಂತು?"

"ಓದೋರ ಅನುಕೂಲಕ್ಕೆ ಹಾಕಿದ್ದು."

"ಯಾರ ಅನುಕೂಲಕ್ಕೆ?"

ಹುವೊ ಚಹಾದ ಮುಚ್ಚಳ ಸರಿಸಿ, ಎಲೆಗಳನ್ನು ಊದಿ, ಒಂದು ಗುಟುಕು ಕುಡಿದರು. "ನೋಡಮ್ಮ, ಪೊಲೀಸ್ ಕೆಲಸ ಬೇರೆ, ವ್ಯಾಕರಣ ಬೇರೆ. ಚ್ಯು ಅಂದ್ರೆ ಹೋಗು. ಮೂರು ವರ್ಷದ ಮಗೂಗೂ ಗೊತ್ತು."

"ಮೂರು ವರ್ಷದ ಮಗೂಗೆ ಗೊತ್ತಿರೋದು ಈಗಿನ ಅರ್ಥ. ಹಳೇದು?"

"ಹಳೇದು, ಹೊಸದು ಅಂತೆಲ್ಲ..."

"ಗುವೊ ತಾತ," ಫಾನ್ ಬೇಲಿಯ ಕಡೆ ತಿರುಗಿದಳು. "ನಿಮ್ಮ ಹೆಂಡ್ತಿ ತೀರ್ಕೊಂಡಾಗ ಜನಕ್ಕೆ ಏನಂತ ಹೇಳಿ ಕಳ್ಸಿದ್ರಿ?"

ಮುದುಕ ತಬ್ಬಿಬ್ಬಾದ. "ಚ್ಯು-ಶಿ ಅಂತ. ಇನ್ನೇನಂತ ಹೇಳ್ತಾರೆ?"

"ಅಂದ್ರೆ ಅವರು ಎಲ್ಲಿಗೆ ಹೋದ್ರು? ಲೋಕಕ್ಕಾ?"

"ಲೋಕಕ್ಕೆ ಯಾಕೆ ಹೋಗ್ತಾಳೆ? ಲೋಕಾನ ಬಿಟ್ಟು..."

ಮುದುಕನ ಬಾಯಿ ತೆರೆದೇ ಉಳಿಯಿತು. ಬೇಲಿಯುದ್ದಕ್ಕೂ ಗುಸುಗುಸು ಹಬ್ಬಿತು. ಬಿಟ್ಟು. ಬಾವೀನ ಬಿಟ್ಟು. ಒಬ್ಬ ಹೆಂಗಸು ತನ್ನ ಪಕ್ಕದವಳಿಗೆ ಅದನ್ನು ಎರಡೆರಡು ಸಲ ಬಿಡಿಸಿ ಹೇಳಿದಳು.

ಫಾನ್ ಚರ್ಮದ ಚೀಲದಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದಳು. ಮಧ್ಯಾಹ್ನ ದೂ ಸೈಕಲ್ ತುಳಿದು ಜಿಲ್ಲಾ ಗ್ರಂಥಾಲಯದಿಂದ ತಂದದ್ದು.

"ಹಳೇ ಬರಹದ ಮೊದಲ ಪಾಠಗಳು. ನಲವತ್ತೆಂಟನೇ ಇಸವಿ. ಬರೆದವರು ಹುವೊ ಬೋಯೆನ್. ಒಂಬತ್ತನೇ ಪಾಠ ಓದ್ಲಾ ಮೇಷ್ಟ್ರೇ?"

ಹುವೊ ಬಾಯಿ ತೆರೆಯುವ ಮೊದಲೇ ಅವಳು ಓದತೊಡಗಿದಳು.

"'ಚ್ಯು. ಮನುಷ್ಯನು ಗುಂಡಿಯ ಬಾಯಿಯನ್ನು ಬಿಟ್ಟು ಹೊರಡುವ ಚಿತ್ರ. ಮೂಲಾರ್ಥ, ತೊರೆಯುವುದು. ಅಲ್ಲಿಂದ ದೂರ ಎಂಬ ಅರ್ಥ. ಹಳೆಯ ಬರಹಗಳಲ್ಲಿ ಇದನ್ನು ಹೋಗು ಎಂದು ಓದುವ ವಿದ್ಯಾರ್ಥಿ ದಾರಿಯನ್ನು ತಿರುವುಮುರುವಾಗಿ ಓದಿದಂತೆ.'" ಅವಳು ಪುಸ್ತಕ ಮುಚ್ಚಿದಳು. "ನಲವತ್ತೆಂಟರಲ್ಲಿ ನಿಮಗೆ ಗೊತ್ತಿತ್ತು. ಐವತ್ತೊಂದರಲ್ಲಿ ಮರೆತುಹೋಯ್ತಾ?"

ಗುಂಡಿಯೊಳಗೆ ದೂನ ಸನಿಕೆಯ ಸದ್ದು ನಿಂತಿತು.

"ನೀವು ತಪ್ಪಾಗಿ ಓದಲಿಲ್ಲ. ಸರಿಯಾಗೇ ಓದಿದ್ರಿ. ಓದಿ, ತಪ್ಪಾಗಿ ಹೇಳಿದ್ರಿ. ಒಬ್ಬ ಸತ್ತ ಮನುಷ್ಯನ್ನ ಕಳ್ಳ ಮಾಡಿದ್ರಿ. ಈ ಹೆಂಗಸಿಗೆ ಮೂವತ್ಮೂರು ವರ್ಷ ಈ ಊರಲ್ಲಿ ತಲೆ ಎತ್ತೋಕೆ ಬಿಡಲಿಲ್ಲ. ಯಾಕೆ?"

ಹುವೊ ಚಹಾ ಕೆಳಗಿಟ್ಟು ಮೈಸುಯ್ ಕಡೆ ನೋಡಿದರು. ಆ ನೋಟದಲ್ಲಿದ್ದದ್ದು ನಾಚಿಕೆಯೇ ಆಗಿದ್ದರೆ ಫಾನಳಿಗೆ ಗುರುತು ಸಿಗುತ್ತಿತ್ತು. ಇದು ಬೇರೆ ಏನೋ.

"ಸರಿ," ಅಂದರು ಕೊನೆಗೆ. "ನೀವೇ ಗೆದ್ರಿ. ಬಾವಿ ಬಿಟ್ಟು ಉತ್ತರಕ್ಕೆ ಮೂವತ್ತು. ಅಗೆದಿದೀರಲ್ಲ, ಎಲ್ಲಿವೆ ಮೂಳೆ?"

"ಮೇಡಂ," ಗುಂಡಿಯಿಂದ ದೂ ತಲೆ ಎತ್ತಿದ. "ಐದಡಿ ಆಯ್ತು. ಗಟ್ಟಿ ನೆಲ. ಇದನ್ನ ಹಿಂದೆ ಯಾರೂ ಮುಟ್ಟಿಲ್ಲ."

ಜನರ ನಿಟ್ಟುಸಿರು ಬೇಲಿಯುದ್ದಕ್ಕೂ ಕೇಳಿಸಿತು. ಹುವೊ ಕುರ್ಚಿಗೆ ಒರಗಿದರು. ಗಂಟೆ ನಾಲ್ಕಾಗುತ್ತ ಬಂದಿತ್ತು.

ಆಗ ಮೈಸುಯ್ ಗುಂಪಿನಿಂದ ಹೊರಬಂದಳು. ಅಂಗಳದ ಬಾವಿಯ ಹತ್ತಿರ ಹೋಗಿ ಕಟ್ಟೆಗೆ ಬೆನ್ನು ಕೊಟ್ಟು, ಉತ್ತರಕ್ಕೆ ಮುಖಮಾಡಿ ನಿಂತಳು. ಎಡಗಾಲು ಮುಂದಿಟ್ಟಳು. ಬಲಗಾಲು ಇಟ್ಟು, "ಒಂದು" ಅಂದಳು.

"ಏನಕ್ಕ ಅದು?" ಫಾನ್ ಓಡಿ ಬಂದಳು.

"ಮಾತಾಡಿಸಬೇಡ, ಲೆಕ್ಕ ತಪ್ಪುತ್ತೆ. ಎರಡು." ಮತ್ತೆ ಎಡಗಾಲು, ಬಲಗಾಲು. "ಅಪ್ಪನ ಕೈ ಹಿಡ್ಕೊಂಡು ನಡೀವಾಗ ನಾನು ಪ್ರತಿ ಕಾಲಿಗೂ ಎಣಿಸ್ತಿದ್ದೆ. ಬೈಯೋರು. 'ಒಂದು ಕಾಲಿಟ್ರೆ ಅರ್ಧ ಕಣೇ. ಎರಡೂ ಕಾಲು ಮುಂದೆ ಬಂದ್ರೆ ಒಂದು ಹೆಜ್ಜೆ' ಅನ್ನೋರು. ಮೂರು."

ಫಾನ್ ಹಣೆ ಬಡಿದುಕೊಂಡಳು. ಹೆಜ್ಜೆ ಅನ್ನುವ ಅಕ್ಷರವೂ ಮೂಳೆಗಳ ಮೇಲೆ ಇತ್ತು. ಅದರಲ್ಲಿ ಇದ್ದದ್ದು ಒಂದು ಪಾದವಲ್ಲ, ಒಂದರ ಮುಂದೊಂದು ಎರಡು ಪಾದ. ಈಗಿನವರ ಒಂದು ಹೆಜ್ಜೆ ಹಳಬರ ಅರ್ಧ ಹೆಜ್ಜೆ.

"ದೂ, ಹೊರಗೆ ಬಾ. ನೀನು ಅರ್ಧ ದಾರೀಲಿ ಅಗೀತಿದೀಯ."

"ನಂಗೆ ಯಾವತ್ತೂ ಅರ್ಧ ದಾರಿಯೇ ಗತಿ ಮೇಡಂ," ಅನ್ನುತ್ತ ದೂ ಮೈಯೆಲ್ಲ ಕೆಸರಾಗಿ ಮೇಲೆ ಬಂದ.

ಮೈಸುಯ್ ನಡೆದಳು. ಊರು ಅವಳ ಹಿಂದೆ ನಡೆಯಿತು. ಹಂದಿಗೂಡಿನ ಪಕ್ಕ ಹಾದಾಗ ಹದಿನೈದು. ಮುಳ್ಳುಬೇಲಿ ದಾಟಿದಾಗ ಇಪ್ಪತ್ತೊಂದು. ಆಗ ಜನರೂ ಅವಳ ಜೊತೆ ದನಿಗೂಡಿಸತೊಡಗಿದರು. ಮೊದಲು ಹೆಂಗಸರು, ಆಮೇಲೆ ಎಲ್ಲರೂ. ಇಪ್ಪತ್ತಾರು. ಇಪ್ಪತ್ತೇಳು. ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದವರೆಲ್ಲ ಅವಳ ಬಲಗಾಲನ್ನೇ ನೋಡುತ್ತ ಎಣಿಸುತ್ತಿದ್ದರು.

ಮೂವತ್ತು.

ಅವಳ ಕಾಲ ಬೆರಳು ಒಂದು ಹಳೇ ಬೀಸುಕಲ್ಲಿನ ಅಂಚಿಗೆ ತಾಗಿತ್ತು. ಕತ್ತೆ ಕಟ್ಟಿ ಸುತ್ತಿಸುವಂಥ ದೊಡ್ಡ ಕಲ್ಲು. ಕೆಳಗಿನ ತಟ್ಟೆಯೇ ಎತ್ತಿನ ಗಾಡಿಯ ಚಕ್ರದಷ್ಟಿತ್ತು.

"ಇದು ಅಮ್ಮಂದು," ಮೈಸುಯ್ ಅಂದಳು. "ಅಪ್ಪ ಹೋದ ಮೇಲೆ ಇಲ್ಲೇ ಸೋಯಾ ಬೀಸಿ ತೋಫು ಮಾಡಿ ಮಾರಿ ನನ್ನ ಸಾಕಿದ್ದು. ಅರವತ್ತೊಂಬತ್ತನೇ ಇಸವೀಲಿ ಅವಳೂ ಹೋದಳು. ಆಮೇಲೆ ಯಾರೂ ಮುಟ್ಟಿಲ್ಲ."

"ಎತ್ತಿ," ಫಾನ್ ಹೇಳಿದಳು.

"ಬೇಡ." ಆ ದನಿ ಹುವೊ ಅವರದು. ಕುರ್ಚಿ ಬಿಟ್ಟು ಬಂದಿದ್ದರು. "ಅದನ್ನ ಎತ್ತಬೇಡಿ. ಹಾಗೇ ಬಿಟ್ಬಿಡಿ. ಲಿನ್ ಕಳ್ಳ ಅಲ್ಲ ಅಂತ ನಾನೇ ಬರ್ಕೊಡ್ತೀನಿ. ಈಗಲೇ, ಇಲ್ಲೇ."

"ಮೂಳೆ ಸಿಗದೆ ನಿಮ್ಮ ಕಾಗದ ಯಾರಿಗೆ ಬೇಕು ಮೇಷ್ಟ್ರೇ?" ಅಂದಳು ಮೈಸುಯ್. ನಲವತ್ತೇಳು ವರ್ಷದಲ್ಲಿ ಅವಳು ಊರಿನ ಎದುರು ದನಿ ಎತ್ತಿದ್ದು ಅದೇ ಮೊದಲು. "ಎತ್ತಿ."

ಮೊದಲು ಹೆಗಲು ಕೊಟ್ಟವನು ಗುವೊ ತಾತ. "ಸರೀರಿ ತಾತ, ಸೊಂಟ ಹಿಡ್ಕೊಳ್ಳುತ್ತೆ," ಅಂದವರಿಗೆ "ಹಿಡ್ಕೊಳ್ಳಲಿ, ತಪ್ಪು ಮಾಡಿದ ಸೊಂಟ" ಅಂದ. ಎಂಟು ಜನ ಸೇರಿ ಸನ್ನೆಗೋಲು ಕೊಟ್ಟು, ಉಸಿರು ಬಿಗಿಹಿಡಿದು ನೂಕಿದರು. ಕಲ್ಲು ಮಗ್ಗುಲಾಯಿತು. ಕೆಳಗಿನ ಮಣ್ಣು ಮೆತ್ತಗಿತ್ತು.

ನಾಲ್ಕಡಿ ಆಳದಲ್ಲಿ ದೂನ ಸನಿಕೆ ಠಣ್ ಅಂದಿತು.

ಸೊಂಟದೆತ್ತರದ ಕಂದು ಬಣ್ಣದ ಜಾಡಿ. ಮುಚ್ಚಳಕ್ಕೆ ಸುಣ್ಣ, ಎಣ್ಣೆ ಕಲಸಿ ಮೆತ್ತಿದ್ದರು. ಒಂದು ಹನಿ ನೀರೂ ಒಳಗೆ ಹೋಗುವಂತಿರಲಿಲ್ಲ. ಫಾನ್ ತಾನೇ ಗುಂಡಿಗಿಳಿದು ಚಾಕುವಿನಿಂದ ಮೆತ್ತಿದ್ದನ್ನು ಕೆತ್ತಿದಳು. ಮುಚ್ಚಳ ತೆಗೆದಾಗ ಹಳೇ ಕಾಗದದ ಒಣ ವಾಸನೆ ಬಂತು.

"ಅಕ್ಕ, ಬನ್ನಿ. ನೀವೇ ತೆಗೀಬೇಕು."

ಮೈಸುಯ್ ಕಾಗದದ ಮೊದಲ ಗಂಟನ್ನು ಎತ್ತಿ ಬಿಡಿಸಿದಳು. ಅಂಗೈಯಗಲದ ಆಮೆಚಿಪ್ಪು. ಸಂಜೆಯ ಓರೆ ಬಿಸಿಲಲ್ಲಿ ಅದರ ಮೇಲಿನ ಗೀರುಗಳು ಒಂದೊಂದೂ ಎದ್ದು ಕಂಡವು. ಜನರಲ್ಲಿ ಯಾರೋ ಬಿಕ್ಕಿದರು.

"ಒಂದು," ಅಂದ ದೂ.

ಹುಲ್ಲುಚಾಪೆ ಬಂತು. ಅದರ ಮೇಲೆ ಹತ್ತಿಯ ಹಚ್ಚಡ ಬಂತು. ಮೈಸುಯ್ ಬಿಡಿಸಿ ಕೊಟ್ಟಂತೆ ಫಾನ್ ಸಾಲಾಗಿ ಇಟ್ಟಳು. ಹನ್ನೆರಡನೆಯದು ಮೊಳದುದ್ದದ ಹೆಗಲಮೂಳೆ. ಹತ್ತೊಂಬತ್ತನೆಯದರ ಮೂಲೆಯಲ್ಲಿ ಆ ಮನುಷ್ಯ ನಿಂತಿದ್ದ, ಕೈಕಾಲು ಅಗಲಿಸಿ, ಕಾಲ ಕೆಳಗಿನ ಗುಂಡಿ ಬಿಟ್ಟು ಹೊರಟು. ಮೈಸುಯ್ ಅವನನ್ನು ಹೆಬ್ಬೆರಳಿನಿಂದ ಸವರಿದಳು. ಇಪ್ಪತ್ತೊಂಬತ್ತು. ಮೂವತ್ತು.

ಜನ ಜಾಡಿಯ ಕಡೆ ಬಗ್ಗಿದರು.

ಅವಳು ಜಾಡಿಯೊಳಗೆ ಭುಜದವರೆಗೆ ಕೈ ಇಳಿಸಿ ತಡಕಿದಳು. ಕೊನೆಯದೊಂದು ಪುಟ್ಟ ಗಂಟು ಮೇಲೆ ಬಂತು.

"ಮೂವತ್ತೊಂದು," ಇಡೀ ಊರು ಒಟ್ಟಿಗೆ ಅಂದಿತು.

ಒಂದೂ ಮಾರಿರಲಿಲ್ಲ. ಒಂದೂ ಕಳೆದಿರಲಿಲ್ಲ.

ಗುವೊ ತಾತ ಕೋಲು ಬದಿಗಿಟ್ಟು ಮೈಸುಯ್ ಎದುರು ನಿಂತ. ಟೋಪಿ ತೆಗೆದು ಸೊಂಟದವರೆಗೆ ಬಗ್ಗಿದ, ಮೂರು ಸಲ. "ನಿಮ್ಮಪ್ಪನ ಗೋರಿಗೆ ಕಲ್ಲು ನಾನು ಕೊಡ್ತೀನಿ ಮಗಳೇ," ಅಂದ. "ನನ್ನ ಗೋರಿಗೆ ಅಂತ ತರಿಸಿಟ್ಕೊಂಡಿದ್ದು. ಒಳ್ಳೇ ಕಲ್ಲು. ಹೆಸರು ಇನ್ನೂ ಕೆತ್ತಿಸಿಲ್ಲ."

"ಹಾಗಾದ್ರೆ ನೀವು ಇನ್ನೊಂದು ಕಲ್ಲು ಸಿಗೋವರ್ಗೂ ಸಾಯೋಹಾಗಿಲ್ಲ ತಾತ," ಮೈಸುಯ್ ಅಂದಳು. ಅಳುತ್ತಲೇ ನಕ್ಕಳು. ಅವಳು ಹಾಗೆ ಬಾಯ್ತುಂಬ ನಗುವುದನ್ನು ಆ ಊರು ಕಂಡೇ ಇರಲಿಲ್ಲ. ಯಾರೋ ಮದುವೆಗೆಂದು ತಂದಿಟ್ಟಿದ್ದ ಪಟಾಕಿ ಸರ ಹೊತ್ತಿಸಿದರು. ಇಟ್ಟಿಗೆ ಗೂಡಿನ ಮೇಸ್ತ್ರಿ, ನೆಲ ಅಳೆಯಲು ಬಂದಿದ್ದವನು, ತನ್ನ ಅಳತೆಯ ಹಗ್ಗ ಸುತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ. ದೂ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ.

"ಕಡತ ಮುಚ್ಚೋದಾ ಮೇಡಂ?"

"ಮುಚ್ಚು. ನಿರಪರಾಧಿ ಅಂತ ದಪ್ಪಕ್ಷರದಲ್ಲಿ ಬರಿ. ಸಹಿ ನಾನು ಹಾಕ್ತೀನಿ."

ಹದಿನೆಂಟು ವರ್ಷದ ನೌಕರಿಯಲ್ಲಿ ಫಾನ್ ಹಲವು ಕಳ್ಳರನ್ನು ಹಿಡಿದಿದ್ದಳು. ಕಳ್ಳನೆಂದು ಸಾರಿದವನನ್ನು ಹೀಗೆ ಬಿಡಿಸಿಕೊಂಡದ್ದು ಇದೇ ಮೊದಲು. ಎದೆಯೊಳಗೆ ಹಬ್ಬದ ತಮಟೆ ಬಡಿದಂತಾಗುತ್ತಿತ್ತು. ಅದನ್ನು ಮರೆಸಲು ಅವಳು ಬಗ್ಗಿ, ಹಚ್ಚಡದ ಸುತ್ತ ಬಿದ್ದಿದ್ದ ಕಾಗದಗಳನ್ನು ಒಟ್ಟುಮಾಡತೊಡಗಿದಳು. ಸಾಕ್ಷ್ಯವೆಂದರೆ ಸಾಕ್ಷ್ಯ, ಸುತ್ತಿದ ಕಾಗದವಾದರೂ.

ಪ್ರಾಂತ್ಯದ ದಿನಪತ್ರಿಕೆ. ಮಾಸಲಾಗಿತ್ತು, ಆದರೆ ಹರಿದಿರಲಿಲ್ಲ. ಒಂದು ಹಾಳೆಯನ್ನು ಅವಳು ಮೊಣಕಾಲ ಮೇಲೆ ನೀವಿ ನೇರ ಮಾಡಿದಳು. ಸಹಕಾರಿ ಬೇಸಾಯದ ಸುದ್ದಿ. ಹೊಸ ಸೇತುವೆಯ ಚಿತ್ರ.

ಅವಳ ಕಣ್ಣು ಮೇಲಿನ ಅಂಚಿಗೆ ಹೋಯಿತು. ಅಲ್ಲೇ ನಿಂತಿತು.

ಸಾವಿರದ ಒಂಬೈನೂರ ಐವತ್ತಾರು, ಅಕ್ಟೋಬರ್ ಒಂಬತ್ತು.

ಲಿನ್ ಚಿಂಗ್‌ಜಾಯ್ ಸತ್ತು ಹತ್ತೊಂಬತ್ತು ವರ್ಷವಾದ ಮೇಲಿನ ಪತ್ರಿಕೆ. ಸಮಿತಿ ಅವರನ್ನು ಕಳ್ಳನೆಂದು ಸಾರಿ ಐದು ವರ್ಷವಾದ ಮೇಲಿನದು. ಆವತ್ತೋ ಆಮೇಲೋ ಯಾರೋ ಈ ಜಾಡಿ ತೆಗೆದಿದ್ದರು. ಮೂವತ್ತೊಂದನ್ನೂ ಒಂದೊಂದಾಗಿ ಹೊಸ ಕಾಗದದಲ್ಲಿ ಸುತ್ತಿದ್ದರು. ಮತ್ತೆ ಸುಣ್ಣ ಮೆತ್ತಿ ಮುಚ್ಚಿ, ಅದರ ಮೇಲೆ ಕಲ್ಲು ಎಳೆದು, ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟಿದ್ದರು.

ಪಟಾಕಿ ಇನ್ನೂ ಸಿಡಿಯುತ್ತಿತ್ತು. ಫಾನ್ ಹಾಳೆಯನ್ನು ತಿರುಗಿಸಿದಳು. ಮೂಲೆಯಲ್ಲಿ, ಯಾರಿಗೆ ಮುಟ್ಟಿಸಬೇಕೆಂದು ಅಂಚೆಯವನು ಪೆನ್ಸಿಲಿನಲ್ಲಿ ಗೀಚಿದ ಹೆಸರು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಮೈಸುಯ್ ಮುಂದೆ ಹಿಡಿದಳು.

"ತಾವ್ ಲಿಯೆನ್," ಮೈಸುಯ್ ಜೋರಾಗಿ ಓದಿದಳು. ಮುಖದ ಮೇಲಿನ ನಗು ಇನ್ನೂ ಇಳಿದಿರಲಿಲ್ಲ. "ಇದು... ಇದು ಅಮ್ಮನ ಹೆಸರು."

ಅವಳು ಬೀಸುಕಲ್ಲಿನ ಕಡೆ ನೋಡಿದಳು. ಕಾಗದದ ಕಡೆ ನೋಡಿದಳು. "ಅಮ್ಮನಿಗೆ ಗೊತ್ತಿತ್ತಾ? ಹದಿಮೂರು ವರ್ಷ ಇದರ ಮೇಲೆ ನಿಂತು ಸೋಯಾ ಬೀಸಿದಳು. ಜನ ಅವಳ ಮುಖಕ್ಕೇ ಉಗುಳಿದ್ರು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ..."

ಅವರ ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದರು. ಹುವೊ ಬೋಯೆನ್. ನೆಟ್ಟಗಿದ್ದ ಬೆನ್ನು ಒಂದು ಗಂಟೆಯಲ್ಲಿ ಬಾಗಿತ್ತು. ಅವರು ಪೆನ್ಸಿಲಿನ ಆ ಹೆಸರನ್ನೇ ನೋಡುತ್ತಿದ್ದರು.

"ಐವತ್ತೊಂದರಲ್ಲಿ ನಾನು ಚೀಟೀನ ಸರಿಯಾಗೇ ಓದಿದ್ದೆ," ಅಂದರು. "ಓದಿ, ಸಮಿತಿಗೆ ಹೇಳೋಕೆ ಮುಂಚೆ ನಿಮ್ಮಮ್ಮನ ಹತ್ರ ಬಂದೆ. ಇದೇ ಅಂಗಳಕ್ಕೆ. ತಪ್ಪಾಗಿ ಓದಿ ಅಂತ ನನ್ನ ಕಾಲು ಹಿಡಿದು ಕೇಳ್ಕೊಂಡದ್ದು ನಿಮ್ಮಮ್ಮನೇ."